ಓದಲಾಗದ ಲಿಪಿ, ಮುಗಿಯದ ಲೆಕ್ಕ: ಐರಾವತಂ ಮಹದೇವನ್ ಅವರ ಐವತ್ತು ವರ್ಷ

2025ರ ಜನವರಿಯಲ್ಲಿ ಚೆನ್ನೈನಲ್ಲಿ ಒಂದು ಸಮ್ಮೇಳನ ನಡೆಯಿತು. ಸಿಂಧೂ ನಾಗರಿಕತೆ ಪತ್ತೆಯಾದ ಸುದ್ದಿಯನ್ನು ಜಾನ್ ಮಾರ್ಷಲ್ ಲಂಡನ್ನಿನ ಪತ್ರಿಕೆಯೊಂದರಲ್ಲಿ ಪ್ರಕಟಿಸಿದ್ದು 1924ರ ಸೆಪ್ಟೆಂಬರ್ 20ರಂದು. ಅದಕ್ಕೆ ನೂರು ವರ್ಷ ತುಂಬಿದ್ದು ಸಮ್ಮೇಳನಕ್ಕೆ ನೆಪ. ಸಿಂಧೂ ಲಿಪಿಯನ್ನು ಒಪ್ಪುವಂತೆ ಓದಿ ತೋರಿಸಿದವರಿಗೆ ಹತ್ತು ಲಕ್ಷ ಡಾಲರ್ ಬಹುಮಾನ ಕೊಡುವುದಾಗಿ ತಮಿಳುನಾಡಿನ ಮುಖ್ಯಮಂತ್ರಿ ಸ್ಟಾಲಿನ್ ಅಲ್ಲಿ ಘೋಷಿಸಿದರು. ನಮ್ಮ ಲೆಕ್ಕದಲ್ಲಿ ಎಂಟು ಕೋಟಿ ರೂಪಾಯಿಗೂ ಮೇಲೆ. ಆ ವಾರ ನನಗೆ ಬಂದ ಫೋನುಗಳಿಗೆ ಲೆಕ್ಕವೇ ಇಲ್ಲ. "ಹೆಂಗೂ ಭಾನುವಾರ ಬಂದ್ರೆ ಕಲ್ಲು ನೋಡ್ಕೊಂಡು ಅಲೀತೀಯ, ಇದನ್ನೂ ಒಂದ್ ಕೈ ನೋಡಪ್ಪಾ" ಅಂದ ಒಬ್ಬ ಸಹೋದ್ಯೋಗಿ. ಅವನ ಪ್ರಕಾರ ಇದು ಒಳ್ಳೆ ಪ್ರೋಗ್ರಾಮರ್ ಒಬ್ಬನಿಗೆ ಎರಡು ವಾರದ ಕೆಲಸ.

ಅದೇ ವೇದಿಕೆಯಲ್ಲಿ ಇನ್ನೊಂದು ಘೋಷಣೆಯೂ ಆಯಿತು. ಅದನ್ನು ಯಾರೂ ನನಗೆ ಫಾರ್ವರ್ಡ್ ಮಾಡಲಿಲ್ಲ. ಚೆನ್ನೈನ ರೋಜಾ ಮುತ್ತಯ್ಯ ಸಂಶೋಧನಾ ಗ್ರಂಥಾಲಯದಲ್ಲಿ ಸಿಂಧೂ ಅಧ್ಯಯನಕ್ಕಾಗಿ ಒಂದು ಪೀಠ ಸ್ಥಾಪಿಸಲು ಎರಡು ಕೋಟಿ ರೂಪಾಯಿ. ಆ ಪೀಠಕ್ಕೆ ಐರಾವತಂ ಮಹದೇವನ್ ಅವರ ಹೆಸರು. ಲಿಪಿಯನ್ನು ಓದಿದವರಿಗೆ ಕೊಡುವ ಹಣ ಈವತ್ತಿಗೂ ಹಾಗೇ ಇದೆ. ಹೆಸರು ಹೋಗಿದ್ದು, ಸುಮಾರು ಐವತ್ತು ವರ್ಷ ಅದರ ಹಿಂದೆ ಬಿದ್ದು, ಓದಲಾಗದೇ ತೀರಿಕೊಂಡ ಮನುಷ್ಯನಿಗೆ. ಇದು ನನಗೆ ವಿಚಿತ್ರ ಅನಿಸಲಿಲ್ಲ. ಯಾಕೆ ಅನ್ನೋದನ್ನೇ ಇಲ್ಲಿ ಹೇಳಬೇಕು ಅಂತ ಕೂತಿದ್ದೇನೆ.

ಮಹದೇವನ್ (1930–2018) ವೃತ್ತಿಯಿಂದ ಶಾಸನತಜ್ಞರಲ್ಲ. ಕಾನೂನು ಓದಿ ಐಎಎಸ್‌ಗೆ ಸೇರಿದವರು. 1954ರಿಂದ ಸುಮಾರು ಕಾಲು ಶತಮಾನ ಸರ್ಕಾರಿ ಅಧಿಕಾರಿ. ನಮ್ಮಂಥ ಹವ್ಯಾಸಿಗಳಿಗೆ ಅವರು ಹತ್ತಿರವಾಗುವುದು ಇಲ್ಲೇ. ಫೈಲು, ಮೀಟಿಂಗು, ವರ್ಗಾವಣೆಗಳ ನಡುವೆ ಲಿಪಿ ಕಲಿತವರು ಅವರು. ಈ ದಾರಿಗೆ ಅವರನ್ನು ತಿರುಗಿಸಿದವರು ಇತಿಹಾಸಕಾರ ಕೆ. ಎ. ನೀಲಕಂಠ ಶಾಸ್ತ್ರಿಗಳು. 1950ರ ದಶಕದಲ್ಲಿ ನಮ್ಮ ಮೈಸೂರು ವಿಶ್ವವಿದ್ಯಾಲಯದಲ್ಲೂ ಕೆಲವು ವರ್ಷ ಪ್ರಾಧ್ಯಾಪಕರಾಗಿದ್ದವರು. ತಮಿಳುನಾಡಿನ ಬೆಟ್ಟಗಳ ಗುಹೆಗಳಲ್ಲಿ ಬ್ರಾಹ್ಮಿ ಲಿಪಿಯ ಪುಟ್ಟ ಪುಟ್ಟ ಶಾಸನಗಳಿವೆ, ಅವುಗಳನ್ನು ಯಾರಾದರೂ ಕೂತು ನೋಡಬೇಕು ಎಂಬುದು ಶಾಸ್ತ್ರಿಗಳ ಸಲಹೆ.

ಈ ಗುಹಾ ಶಾಸನಗಳ ತೊಡಕು ಏನು ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಮುಂದಿನ ಕಥೆಗೆ ಅದು ಬೇಕು. ಅಕ್ಷರಗಳೇನೋ ಅಶೋಕನ ಬ್ರಾಹ್ಮಿಯವೇ, ಒಂದೊಂದಾಗಿ ಗುರುತು ಹಿಡಿಯಬಹುದು. ಆದರೆ ಕೂಡಿಸಿ ಓದಿದರೆ ಅರ್ಥವೇ ಆಗದ ಪದಗಳು ಬರುತ್ತಿದ್ದವು. 1924ರಲ್ಲಿ ಕೆ. ವಿ. ಸುಬ್ರಹ್ಮಣ್ಯ ಅಯ್ಯರ್ ಇವು ಪ್ರಾಕೃತವಲ್ಲ, ತಮಿಳು ಎಂದು ಗುರುತಿಸಿದರು. ಸಂಸ್ಕೃತ, ಪ್ರಾಕೃತಗಳಿಗೆ ಬೇಡದ, ತಮಿಳಿಗೆ ಬೇಕೇ ಬೇಕಾದ ಱ, ೞ ಥರದ ಅಕ್ಷರಗಳು ಅಲ್ಲಿದ್ದವು. ಆಮೇಲೂ ಪೂರ್ತಿ ಬಿಗಿಯಾಗಿ ಕೂರಲಿಲ್ಲ. ಮಹದೇವನ್ ಹಿಡಿದದ್ದು ಕಾಗುಣಿತದ ವ್ಯವಸ್ಥೆಯನ್ನು. ನಾವು ‘ಕ’ ಎಂದು ಬರೆದರೆ ಅದರೊಳಗೆ ‘ಅ’ಕಾರ ಸೇರಿಕೊಂಡೇ ಇರುತ್ತದೆ, ಬೇಡವಾದರೆ ‘ಕ್’ ಅಂತ ಗುರುತು ಹಾಕಬೇಕು. ಗುಹೆಯ ಹಳೆಯ ಹಂತದ ಬರಹಗಾರ ಇದನ್ನು ತಿರುಗಿಸಿದ್ದಾನೆ. ಬರೀ ಅಕ್ಷರ ಬರೆದರೆ ಅದು ವ್ಯಂಜನ ಮಾತ್ರ. ‘ಅ’ ಬೇಕಿದ್ದರೆ, ಅಶೋಕನ ಬ್ರಾಹ್ಮಿಯಲ್ಲಿ ದೀರ್ಘಕ್ಕೆ ಬಳಸುವ ಗೀಟನ್ನೇ ಎಳೆಯುತ್ತಾನೆ. ಹ್ರಸ್ವಕ್ಕೂ ಅದೇ ಗೀಟು, ದೀರ್ಘಕ್ಕೂ ಅದೇ. ಉದಾಹರಣೆಗೆ ಅಂತ ಇಟ್ಟುಕೊಳ್ಳಿ, ಅವನು ‘ಮಕನ್’ (ಮಗ) ಅಂತ ಬರೆದರೆ, ಅಶೋಕನ ಲೆಕ್ಕದಲ್ಲಿ ಓದುವವನಿಗೆ ಅದು ‘ಮಾಕಾನ’ ಅಂತ ಕಾಣುತ್ತದೆ. ಇಂಥ ‘ಮಾಕಾನ’ಗಳ ಜೊತೆ ವಿದ್ವಾಂಸರು ದಶಕಗಟ್ಟಲೆ ಗುದ್ದಾಡಿದ್ದರು. ಬೀಗ ಸರಿಯಾಗೇ ಇತ್ತು, ಕೀಲಿಯನ್ನು ತಿರುಗಿಸುತ್ತಿದ್ದದ್ದು ಮಾತ್ರ ಇನ್ನೊಂದು ದಿಕ್ಕಿಗೆ.

1965ರಲ್ಲಿ ಅವರು ಪ್ರಕಟಿಸಿದ ಪುಗಳೂರು ಶಾಸನದ ಓದು ಇವತ್ತಿಗೂ ಮೈ ಜುಮ್ಮೆನ್ನಿಸುತ್ತದೆ. ಕರೂರಿನ ಹತ್ತಿರ ಆರುನಾಟ್ಟಾರ್ ಬೆಟ್ಟದ ಗುಹೆ. ಜೈನ ಮುನಿಯೊಬ್ಬನಿಗೆ ಕಲ್ಲುಹಾಸು ಮಾಡಿಸಿಕೊಟ್ಟ ದಾಖಲೆ. ಅದರಲ್ಲಿ ಚೇರ ವಂಶದ ಮೂರು ತಲೆಮಾರಿನ ಹೆಸರು: ಕೋ ಆದನ್ ಚೆಲ್ ಇರುಂಪೊರೈ, ಅವನ ಮಗ ಪೆರುಂಕಡುಂಗೋನ್, ಅವನ ಮಗ ಇಳಂಕಡುಂಗೋ. ಸಂಗಂ ಸಾಹಿತ್ಯದ ‘ಪದಿಟ್ರುಪ್ಪತ್ತು’ ಸಂಕಲನದಲ್ಲಿ ಬರುವ ದೊರೆಗಳ ಜೊತೆ ಇವು ಹೊಂದುತ್ತವೆ. ಅಲ್ಲಿಯವರೆಗೆ ಬರೀ ಕಾವ್ಯದಲ್ಲಿದ್ದ ರಾಜರಿಗೆ ಕಲ್ಲಿನ ಸಾಕ್ಷಿ ಸಿಕ್ಕಿತು. ವಯಸ್ಸು ಮೂವತ್ತೈದು, ಸರ್ಕಾರಿ ನೌಕರಿ, ಮೊದಲ ದೊಡ್ಡ ಪ್ರಯತ್ನದಲ್ಲೇ ಹೀಗೊಂದು ಗೆಲುವು. ಅಲ್ಲಿಗೇ ನಿಂತಿದ್ದರೂ ಅವರ ಹೆಸರು ಉಳಿಯುತ್ತಿತ್ತು.

ಆದರೆ ಅವರ ಕಣ್ಣು ಆಮೇಲೆ ಬಿದ್ದದ್ದು ಸಿಂಧೂ ಮುದ್ರೆಗಳ ಮೇಲೆ. ಗುಹಾ ಶಾಸನದಲ್ಲಿ ಲಿಪಿ ಗೊತ್ತಿತ್ತು, ಭಾಷೆ ಗೊತ್ತಿತ್ತು, ಎರಡರ ನಡುವಿನ ನಿಯಮ ಮಾತ್ರ ಗೊತ್ತಿರಲಿಲ್ಲ. ಇಲ್ಲಿ ಲಿಪಿಯೂ ಗೊತ್ತಿಲ್ಲ, ಭಾಷೆಯೂ ಗೊತ್ತಿಲ್ಲ. ಈಜಿಪ್ಟಿನ ರೊಸೆಟ್ಟಾ ಕಲ್ಲಿನ ಹಾಗೆ ಎರಡು ಭಾಷೆಯಲ್ಲಿ ಬರೆದ ಒಂದು ಚೂರೂ ಇಲ್ಲ. ಪಾಠಗಳೋ, ಸರಾಸರಿ ಐದು ಚಿಹ್ನೆ. ಮುದ್ರೆಯ ಒಂದೇ ಮುಖದ ಮೇಲೆ ಸಿಕ್ಕಿರುವ ಅತಿ ಉದ್ದದ ಪಾಠ 17 ಚಿಹ್ನೆಯದು. ನಮ್ಮ ಸಾಧಾರಣ ವೀರಗಲ್ಲೊಂದರ ಮೊದಲ ಸಾಲಿನಲ್ಲೇ ಅದಕ್ಕಿಂತ ಹೆಚ್ಚು ಅಕ್ಷರ ಇರುತ್ತವೆ!

1960ರ ದಶಕದ ಕೊನೆಗೆ ಸೋವಿಯತ್ ಒಕ್ಕೂಟದಲ್ಲಿ ಕ್ನೊರೊಜೊವ್ ತಂಡ, ಫಿನ್ಲೆಂಡಿನಲ್ಲಿ ಅಸ್ಕೊ ಪಾರ್ಪೊಲ ತಂಡ ಕಂಪ್ಯೂಟರ್ ಹಿಡಿದು ಹೊರಟಿದ್ದವು. ಇಬ್ಬರದೂ ದ್ರಾವಿಡ ಭಾಷೆ ಎಂಬ ಊಹೆ. ಮಹದೇವನ್ ಅವರದೂ ಅದೇ. 1970ರಲ್ಲಿ ಅವರೂ ಒಂದು ದೊಡ್ಡ ಪ್ರಬಂಧ ಬರೆದು ಕೆಲವು ಚಿಹ್ನೆಗಳಿಗೆ ದ್ರಾವಿಡ ಓದು ಸೂಚಿಸಿದರು. ಅದೇ ವರ್ಷ ನೆಹರೂ ಫೆಲೋಶಿಪ್ ಸಿಕ್ಕಿ ಪೂರ್ಣಾವಧಿ ಕೆಲಸಕ್ಕೆ ಬಿಡುವಾಯಿತು. ಆಗ ಮಾಡಿದ್ದೇನು? ಓದುವುದನ್ನು ಬದಿಗಿಟ್ಟು ಎಣಿಸಲು ಕೂತರು.

ಆ ಎಣಿಕೆಯ ಫಲ 1977ರಲ್ಲಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ 77ನೇ ಸ್ಮರಣ ಸಂಪುಟವಾಗಿ ಹೊರಬಂತು. ಪಾಠಗಳು, ಚಿಹ್ನಾನುಕ್ರಮಣಿ, ಕೋಷ್ಟಕಗಳು, ಅಷ್ಟೇ. ಯಾವ ಚಿಹ್ನೆಗೆ ಯಾವ ಶಬ್ದ, ಒಂದು ಸಾಲೂ ಇಲ್ಲ. ತನ್ನದೇ ಒಂದು ಸಿದ್ಧಾಂತ ಇದ್ದ ಮನುಷ್ಯ, ಅದು ಎಲ್ಲೂ ಇಣುಕದ ಹಾಗೆ ಇಡೀ ಗ್ರಂಥ ಕಟ್ಟಿದ್ದಾರೆ. ನನಗೆ ಅವರ ಮೇಲೆ ಅತಿ ಹೆಚ್ಚು ಗೌರವ ಬರುವುದು ಈ ಕಾರಣಕ್ಕೆ.

ಎಂಜಿನಿಯರ್ ಕಣ್ಣಿಗೆ ಆ ಪುಸ್ತಕ ಒಂದು ಹಬ್ಬ. 2906 ವಸ್ತುಗಳ ಮೇಲಿನ 3573 ಸಾಲು. 417 ಬೇರೆ ಬೇರೆ ಚಿಹ್ನೆಗಳು. ಒಟ್ಟು 13372 ಸಲ ಬಳಕೆ. ಪ್ರತಿ ಚಿಹ್ನೆಗೂ ಒಂದು ಸಂಖ್ಯೆ. ಆ ಸಂಖ್ಯೆ ಹಿಡಿದು ಹೋದರೆ ಅದು ಎಲ್ಲೆಲ್ಲಿ ಬಂದಿದೆ, ಯಾವ ಊರಿನ ಮುದ್ರೆ, ಹಿಂದೆ ಯಾರು ಮುಂದೆ ಯಾರು, ಸಾಲಿನ ಮೊದಲಲ್ಲೋ ನಡುವಲ್ಲೋ ಕೊನೆಯಲ್ಲೋ, ಎಲ್ಲ ಒಂದೇ ಕಡೆ. ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಕಂಪ್ಯೂಟರ್ ನೆರವು ಇದಕ್ಕೆ ಇತ್ತು. ಆದರೆ ನೆನಪಿಡಿ, ಕಂಪ್ಯೂಟರಿಗೆ ಉಣಿಸುವ ಮೊದಲು ಒಂದೊಂದು ಮುದ್ರೆಯನ್ನೂ ಮನುಷ್ಯನೇ ನೋಡಿ ‘ಇದು ಆ ಚಿಹ್ನೆಯೋ, ಅದರ ಇನ್ನೊಂದು ರೂಪವೋ’ ಅಂತ ತೀರ್ಮಾನಿಸಬೇಕು. ಮೀನಿನ ಒಳಗೆ ಒಂದು ಗೀಟಿದ್ದರೆ ಅದು ಬೇರೆ ಚಿಹ್ನೆಯೇ, ಕೆತ್ತಿದವನ ಕೈಚಳಕವೇ? ಇಂಥ ತೀರ್ಮಾನ ಸಾವಿರಾರು.

ಕೋಷ್ಟಕಗಳಿಂದ ಏನು ತಿಳಿಯಿತು? ಹಿಡಿಯಿರುವ ಮಡಕೆಯಂತೆ ಕಾಣುವ ಚಿಹ್ನೆಯೊಂದೇ 1395 ಸಲ ಬರುತ್ತದೆ, ಹೆಚ್ಚುಕಮ್ಮಿ ಹತ್ತರಲ್ಲಿ ಒಂದು. ಅದೂ ಬಹುತೇಕ ಪಾಠದ ಕೊನೆಯಲ್ಲಿ. ನಮ್ಮ ವಿಭಕ್ತಿ ಪ್ರತ್ಯಯಗಳು ಬರುವ ಹಾಗೆ ಅಂತ ತಟ್ಟನೆ ಅನಿಸುತ್ತದೆ, ಆದರೆ ಅನಿಸುವುದು ಪುರಾವೆಯಲ್ಲ. ಸುಮಾರು 67 ಚಿಹ್ನೆಗಳೇ ಒಟ್ಟು ಬಳಕೆಯ ಶೇ. 80ರಷ್ಟನ್ನು ಹೊರುತ್ತವೆ. ಇನ್ನೊಂದು ತುದಿಯಲ್ಲಿ 112 ಚಿಹ್ನೆಗಳು ಇಡೀ ರಾಶಿಯಲ್ಲಿ ಒಂದೊಂದೇ ಸಲ. ಬರಹ ಬಲದಿಂದ ಎಡಕ್ಕೆ ಎಂಬ ಮಾತೂ ಇಂಥ ಲೆಕ್ಕದಿಂದ ಗಟ್ಟಿಯಾಯಿತು. ಮುದ್ರೆಯ ಅಚ್ಚಿನಲ್ಲಿ ಎಡಗಡೆ ಜಾಗ ಸಾಲದೆ ಚಿಹ್ನೆಗಳು ಇಕ್ಕಟ್ಟಾಗುತ್ತವೆ, ಥೇಟ್ ನಾವು ಲಗ್ನಪತ್ರಿಕೆಯ ಕವರಿನ ಮೇಲೆ ಉದ್ದ ವಿಳಾಸ ಬರೆದಾಗ ಆಗುವ ಹಾಗೆ.

ಇಲ್ಲಿ ಒಂದು ಪಕ್ಕದ ಮಾತು. ಗ್ರೀಸಿನ ‘ಲೀನಿಯರ್ ಬಿ’ ಲಿಪಿಯನ್ನು 1952ರಲ್ಲಿ ಮೈಕೆಲ್ ವೆಂಟ್ರಿಸ್ ಓದಿದ. ಅವನೂ ವೃತ್ತಿಯಿಂದ ವಾಸ್ತುಶಿಲ್ಪಿ. ಆದರೆ ಅವನಿಗಿಂತ ಮೊದಲು ನ್ಯೂಯಾರ್ಕಿನಲ್ಲಿ ಆಲಿಸ್ ಕೋಬರ್ ಎಂಬ ಅಧ್ಯಾಪಕಿ ಚಿಹ್ನೆಗಳ ಎಣಿಕೆಗೆ ಸುಮಾರು 1,80,000 ಚೀಟಿ ಮಾಡಿಟ್ಟಿದ್ದಳು. ಯುದ್ಧಕಾಲದ ಕಾಗದದ ಬರದಲ್ಲಿ ಹಳೆಯ ಪತ್ರ, ಕ್ಯಾಲೆಂಡರ್ ಏನು ಸಿಕ್ಕಿದರೂ ಕತ್ತರಿಸಿ ಚೀಟಿ. ಅವನ್ನು ಜೋಡಿಸಿಡಲು ಸಿಗರೇಟು ಪೆಟ್ಟಿಗೆ. ವೆಂಟ್ರಿಸ್ ಗೆಲ್ಲುವ ಎರಡು ವರ್ಷ ಮೊದಲು, 1950ರಲ್ಲಿ ತೀರಿಕೊಂಡಳು. ಅವಳ ಚೀಟಿಗಳು ತೋರಿಸಿದ ಪದರೂಪಗಳ ಮಾದರಿ ಇಲ್ಲದೆ ವೆಂಟ್ರಿಸನ ದಾರಿ ಅಷ್ಟು ಸಲೀಸಾಗುತ್ತಿರಲಿಲ್ಲ. ಎಣಿಸಿಟ್ಟವರ ಹೆಸರು ಎರಡನೇ ಪುಟಕ್ಕೆ ಹೋಗೋದು ಎಲ್ಲ ಊರಲ್ಲೂ ಇರುವುದೇ.

ಇರಲಿ. ಈಗ ‘ಓದಿಯೇಬಿಟ್ಟೆವು’ ಅಂದವರ ಕಡೆ ಬರೋಣ. ಸಿಂಧೂ ಲಿಪಿಯನ್ನು ಬಿಡಿಸಿದ್ದೇವೆ ಎಂಬ ಘೋಷಣೆಗಳು ನೂರು ದಾಟುತ್ತವೆ. ಇದರಲ್ಲಿ ನಮ್ಮವರ ಪಾಲೂ ಉಂಟು. ಎಸ್. ಆರ್. ರಾವ್, ಅಂದರೆ ಶಿಕಾರಿಪುರ ರಂಗನಾಥ ರಾವ್. ಗುಜರಾತಿನ ಲೋಥಲ್ ಅನ್ನು ಅಗೆದು ತೆಗೆದ, ದ್ವಾರಕೆಯ ಸಮುದ್ರದಡಿ ಶೋಧ ನಡೆಸಿದ ದೊಡ್ಡ ಪುರಾತತ್ತ್ವಜ್ಞ. 1982ರಲ್ಲಿ ಅವರು ಸಿಂಧೂ ಲಿಪಿಯನ್ನು ಬಿಡಿಸಿದ ಗ್ರಂಥ ಪ್ರಕಟಿಸಿದರು. ಸಂಯುಕ್ತ ಚಿಹ್ನೆಗಳನ್ನು ಒಡೆದು ಮೂಲ ಚಿಹ್ನೆಗಳಿಗೆ ಇಳಿಸಿ, ಅವಕ್ಕೆ ಪಶ್ಚಿಮ ಏಷ್ಯಾದ ಹಳೆಯ ಅಕ್ಷರಗಳ ಧ್ವನಿ ಕೊಟ್ಟು, ಭಾಷೆ ಆರ್ಯಮೂಲದ್ದು ಎಂದು ಓದಿದರು. ವಿದ್ವತ್ ಲೋಕ ಅದನ್ನು ಒಪ್ಪಲಿಲ್ಲ. ಒಪ್ಪದ್ದರಿಂದ ಲೋಥಲ್‌ನ ಕೆಲಸ ಒಂದಿಂಚೂ ಸಣ್ಣದಾಗುವುದಿಲ್ಲ. ಆದರೆ ಗಮನಿಸಿ, ಅವರ ಅಗೆತದ ವರದಿಯನ್ನು ಇಂದಿಗೂ ಎಲ್ಲ ಪಕ್ಷದವರೂ ತೆರೆಯುತ್ತಾರೆ. ಓದಿನ ಪುಸ್ತಕವನ್ನು ಅಲ್ಲ.

ಇನ್ನೊಂದು ಪ್ರಸಂಗ ಇದಕ್ಕಿಂತ ಕಹಿ. 2000ದಲ್ಲಿ ನಟವರ್ ಝಾ ಮತ್ತು ಬೆಂಗಳೂರಿನ ಎನ್. ಎಸ್. ರಾಜಾರಾಂ ಸೇರಿ ಲಿಪಿಯನ್ನು ಓದಿರುವುದಾಗಿ ಪುಸ್ತಕ ತಂದರು. ಅದರಲ್ಲೊಂದು ‘ಕುದುರೆ ಮುದ್ರೆ’. ಸಿಂಧೂ ಮುದ್ರೆಗಳಲ್ಲಿ ಎಲ್ಲೂ ಕಾಣದ ಕುದುರೆ ಇಲ್ಲಿದೆ ಎಂಬ ವಾದ. ಅದೇ ವರ್ಷ ಅಕ್ಟೋಬರಿನ ‘ಫ್ರಂಟ್‌ಲೈನ್’ ಪತ್ರಿಕೆಯಲ್ಲಿ ಮೈಕೆಲ್ ವಿಟ್ಜೆಲ್ ಮತ್ತು ಸ್ಟೀವ್ ಫಾರ್ಮರ್ ಮೂಲ ಫೋಟೋಗಳನ್ನು ಮುಂದಿಟ್ಟರು. ಅದು ಮುರಿದ ಮುದ್ರೆ. ಮುಂಭಾಗ ಒಡೆದುಹೋದ, ಎಲ್ಲ ಕಡೆ ಸಿಗುವ ಒಂಟಿಕೊಂಬಿನ ಪ್ರಾಣಿಯ ಹಿಂಭಾಗ. ಕಂಪ್ಯೂಟರಿನಲ್ಲಿ ಹಿಗ್ಗಿಸಿ ತಿದ್ದಿದ ಚಿತ್ರದಲ್ಲಿ ಅದು ಕುದುರೆಯಾಗಿತ್ತು. ಆ ಜಗಳದ ರಾಜಕೀಯ ಇಲ್ಲಿ ಬೇಡ. ನನ್ನನ್ನು ಕಾಡುವುದು ಆ ಒಡೆದ ಅಂಚು. ಕಲ್ಲು ಒಡೆದ ಜಾಗದಲ್ಲಿ ನಮಗೆ ಬೇಕಾದ್ದು ಕಾಣಿಸುತ್ತದೆ. ಕಾಣಿಸಬೇಕು ಅಂತ ತವಕ ಇದ್ದಷ್ಟೂ ಸ್ಪಷ್ಟವಾಗಿ ಕಾಣಿಸುತ್ತದೆ.

ಮಹದೇವನ್ ಕೂಡ ಈ ತವಕದಿಂದ ಪೂರಾ ಹೊರತಾಗಿರಲಿಲ್ಲ. 2006ರಲ್ಲಿ ಮಯಿಲಾಡುತುರೈ ಹತ್ತಿರದ ಸೆಂಬಿಯನ್‌ಕಂಡಿಯೂರಿನಲ್ಲಿ ನಾಲ್ಕು ಗುರುತುಗಳಿರುವ ಕಲ್ಲಿನ ಕೊಡಲಿ ಸಿಕ್ಕಿತು. ಅದು ಸಿಂಧೂ ಲಿಪಿಯೇ ಎಂದು ಅವರು ಸಂಭ್ರಮದಿಂದ ಸಾರಿದರು, ‘ಮುರುಗನ್’ ಎಂಬ ಓದನ್ನೂ ಸೂಚಿಸಿದರು. ಅನೇಕ ವಿದ್ವಾಂಸರಿಗೆ ಒಪ್ಪಿಗೆಯಾಗಲಿಲ್ಲ. ನನಗೂ ಅದು ಅವಸರದ ಮಾತು ಅನಿಸುತ್ತದೆ. ಎಪ್ಪತ್ತೈದು ದಾಟಿದ ವಯಸ್ಸಿನಲ್ಲಿ, ನಲವತ್ತು ವರ್ಷ ಬಾಗಿಲು ತಟ್ಟಿದವರಿಗೆ ಒಳಗಿನಿಂದ ಒಂದು ಸದ್ದು ಕೇಳಿದಂತಾದರೆ ಹೇಗಿರಬೇಡ! ಆದರೆ 1977ರ ಕೋಷ್ಟಕಗಳಿಗೆ ಈ ಕೊಡಲಿಯ ಏಟು ತಾಗಲಿಲ್ಲ. ಓದು ಬೇರೆ, ಲೆಕ್ಕ ಬೇರೆ ಎಂದು ಅವರೇ ಮೊದಲೇ ಗೋಡೆ ಕಟ್ಟಿಟ್ಟಿದ್ದರು.

ಈ ಗೋಡೆಯ ಬೆಲೆ ನನಗೆ ಗೊತ್ತಾದದ್ದು ಪುಸ್ತಕದಿಂದಲ್ಲ. ಹೊಸಕೋಟೆಯ ಆಚೆ ಒಂದು ಹಳ್ಳಿಯ ಹೊಲದ ಬದುವಿನಲ್ಲಿ ವೀರಗಲ್ಲೊಂದಿದೆ. ಅಕ್ಷರದ ಮೋಡಿ ನೋಡಿದರೆ ಹತ್ತನೇ ಶತಮಾನದ ಆಸುಪಾಸು. ಮೊದಲ ಸಾಲಲ್ಲಿ ‘ಸ್ವಸ್ತಿ ಶ್ರೀ’ ನಿಚ್ಚಳ. ಎರಡನೆಯದರಲ್ಲಿ ‘ತುಱು’ ಸಿಗುತ್ತದೆ, ಅಂದರೆ ದನಗಳ್ಳರ ಜೊತೆ ಕಾದಿ ಸತ್ತವನು. ಮೂರನೇ ಸಾಲಿನಲ್ಲಿ, ಸತ್ತವನ ಹೆಸರು ಬರಬೇಕಾದ ಜಾಗದಲ್ಲಿ ಕಲ್ಲು ಚಕ್ಕೆ ಎದ್ದಿದೆ. ಐದು ಅಕ್ಷರ ಹೋಗಿವೆ. ಮೊದಲನೆಯದು ‘ಮ’ ಇರಬಹುದು, ‘ವ’ ಇರಬಹುದು. ಹಗಲು ಬಿಸಿಲಲ್ಲಿ ನೋಡಿದ್ದೇನೆ, ರಾತ್ರಿ ಟಾರ್ಚನ್ನು ಓರೆಯಾಗಿ ಹಿಡಿದು ನೋಡಿದ್ದೇನೆ, ನೂರಾರು ಫೋಟೋ ತೆಗೆದು ಮೂರು ಆಯಾಮದ ಮಾದರಿ ಮಾಡಿ ತಿರುಗಿಸಿ ತಿರುಗಿಸಿ ನೋಡಿದ್ದೇನೆ. ಏಳು ವರ್ಷವಾಯಿತು.

ಹೊಲದ ಯಜಮಾನರಿಗೆ ಎಪ್ಪತ್ತರ ಮೇಲೆ ವಯಸ್ಸು. ಸುತ್ತ ಎಲ್ಲ ಲೇಔಟ್ ಆಗ್ತಿದೆ, ಅವರ ಮಕ್ಕಳೂ ಮಾರುವ ಮಾತಾಡ್ತಿದ್ದಾರೆ. ಒಂದು ದಿನ ಅವರು, "ಸ್ವಾಮಿ, ನಮ್ಮ ವಂಶದ ಹಿರೀಕನ ಹೆಸ್ರು ಮಾರಪ್ಪ ಅಂತ. ನೀವು ಮ ಅಂತೀರಲ್ಲ, ಅದೇ ಇರ್ಬೇಕು. ಒಂದು ಬೋರ್ಡು ಬರ್ಕೊಡಿ. ಹೆಸ್ರಿದ್ರೆ ಹುಡುಗ್ರು ಕಲ್ಲು ಮುಟ್ಟಲ್ಲ, ಹೆಸ್ರಿಲ್ದಿದ್ರೆ ಜೆಸಿಬಿಗೆ ಹೋಗುತ್ತೆ" ಅಂದರು. ಅವರ ಮಾತಲ್ಲಿ ನ್ಯಾಯವಿತ್ತು. ಜೆಸಿಬಿ ನುಂಗಿದ ಕಲ್ಲುಗಳ ಪಟ್ಟಿ ನಮ್ಮೆಲ್ಲರ ಹತ್ತಿರವೂ ಇದೆ. ಐದು ಅಕ್ಷರದ ಸುಳ್ಳಿಗೆ ಒಂದು ಸಾವಿರ ವರ್ಷದ ಕಲ್ಲು ಉಳಿಯುತ್ತೆ ಅಂದರೆ ಏನು ಮಾಡ್ತೀರಿ?

ನಾನು ಬರೆದುಕೊಡಲಿಲ್ಲ. "ಯಜಮಾನ್ರೇ, ಮ ಅಂತ ನಂಗೇ ಖಾತ್ರಿ ಇಲ್ಲ. ಈಗ ಮಾರಪ್ಪ ಅಂತ ಬರೆದ್ರೆ ಆಮೇಲೆ ಬರೋರು ಯಾರೂ ಆ ಸಾಲನ್ನ ನೋಡೋದೇ ಇಲ್ಲ" ಅಂದೆ. ಅವರಿಗೆ ಅಸಮಾಧಾನವಾಯಿತು, ಆ ದಿನ ಕಾಫಿಗೂ ಕರೆಯಲಿಲ್ಲ. ಎರಡು ತಿಂಗಳ ಮೇಲೆ ಹೋದರೆ ಕಲ್ಲು ಬದುವಿನಿಂದ ಊರಿನ ಅಶ್ವತ್ಥಕಟ್ಟೆಗೆ ಬಂದಿತ್ತು. ಪಕ್ಕದಲ್ಲೊಂದು ತಗಡಿನ ಬೋರ್ಡು: ‘ದನ ಉಳಿಸಲು ಸತ್ತ ನಮ್ಮೂರ ವೀರ’. ಹೆಸರಿನ ಜಾಗ ಖಾಲಿ. ಈಗ ಮೂರನೇ ಸಾಲು ನೋಡಲು ಯಾರು ಬಂದರೂ ಯಜಮಾನರೇ ಬೆರಳಿಟ್ಟು ತೋರಿಸುತ್ತಾರೆ, "ಇಲ್ಲಿ ಐದಕ್ಷರ ಹೋಗವೆ" ಅಂತ.

ನನ್ನ ಆಫೀಸಿನ ಭಾಷೆಯಲ್ಲಿ ಈ ಏಳು ವರ್ಷಕ್ಕೆ ಹೆಸರೇ ಇಲ್ಲ. ಅಲ್ಲಿ ಪ್ರತಿ ಸೋಮವಾರ ಕೇಳೋದು ಒಂದೇ, ‘ಮುಗೀತಾ?’ ಮುಗಿದದ್ದು ಹಸಿರು, ಮುಗಿಯದ್ದು ಕೆಂಪು. ಆದರೆ ಆ ಮೂರನೇ ಸಾಲನ್ನು ಹಿಡಿಯಲು ಹೋಗಿ ನಾನು ಆ ಭಾಗದ ಅರವತ್ತಕ್ಕೂ ಹೆಚ್ಚು ಕಲ್ಲುಗಳ ‘ಮ’ ಮತ್ತು ‘ವ’ಗಳನ್ನು ಅಳೆದು ಪಟ್ಟಿ ಮಾಡಿದ್ದೇನೆ. ಸಾಲು ಸಿಕ್ಕಿಲ್ಲ. ಪಟ್ಟಿಯನ್ನು ಈಗ ನಾಲ್ಕೈದು ಜನ ಗೆಳೆಯರು ಬೇರೆ ಬೇರೆ ಶಾಸನಗಳ ಕಾಲ ಅಂದಾಜು ಮಾಡಲು ಬಳಸುತ್ತಿದ್ದಾರೆ. ಆ ಪಟ್ಟಿಗೆ ಹೊಸ ಕಲ್ಲೊಂದು ಸೇರಿದ ಭಾನುವಾರ ರಾತ್ರಿ ಬರುವ ನಿದ್ದೆಯೇ ಬೇರೆ ಥರ.

ಮಹದೇವನ್ ವಿಷಯಕ್ಕೆ ವಾಪಸ್. ಸ್ವಯಂ ನಿವೃತ್ತಿ ತೆಗೆದುಕೊಂಡರು. 1987ರಿಂದ 1991ರವರೆಗೆ ತಮಿಳಿನ ‘ದಿನಮಣಿ’ ಪತ್ರಿಕೆಯ ಸಂಪಾದಕರಾಗಿದ್ದರು. ಅದು ಮುಗಿದಾಗ ವಯಸ್ಸು ಅರವತ್ತು ದಾಟಿತ್ತು. ಆಗ ಅವರು ಮಾಡಿದ್ದು, ಮೂವತ್ತು ವರ್ಷದ ಹಿಂದೆ ತಾವೇ ಓದಿ ಹೆಸರು ಮಾಡಿದ್ದ ಅದೇ ಗುಹೆಗಳಿಗೆ ಮತ್ತೆ ಏಣಿ ಹಾಕಿಕೊಂಡು ಹತ್ತಿದ್ದು! ಗೆದ್ದಾಗಿದ್ದ ಶಾಸನಗಳನ್ನೇ ಮತ್ತೊಮ್ಮೆ ಅಕ್ಷರ ಅಕ್ಷರವಾಗಿ ನಕಲು ಮಾಡಿದರು. ಅದರ ಫಲವಾದ ‘ಅರ್ಲಿ ತಮಿಳ್ ಎಪಿಗ್ರಫಿ’ 2003ರಲ್ಲಿ ಹಾರ್ವರ್ಡ್ ಪ್ರಾಚ್ಯ ಗ್ರಂಥಮಾಲೆಯಲ್ಲಿ ಬಂತು. ಅಷ್ಟಕ್ಕೂ ಬಿಡದೆ 2014ರಲ್ಲಿ ಪರಿಷ್ಕೃತ ಆವೃತ್ತಿ ತಂದರು.

ಕನ್ನಡಿಗರು ಆ ಪುಸ್ತಕವನ್ನು ನೋಡಲೇಬೇಕಾದ ಕಾರಣವೊಂದಿದೆ. ಪುದುಕ್ಕೋಟೈ ಹತ್ತಿರದ ಸಿತ್ತನ್ನವಾಸಲ್ ಬೆಟ್ಟದ ಮೇಲಿನ ಪುರಾತನ ಶಾಸನದಲ್ಲಿ ‘ಎರುಮಿನಾಡು’ ಬರುತ್ತದೆ, ಎಮ್ಮೆನಾಡು, ಅಂದರೆ ನಮ್ಮ ಮೈಸೂರು ಸೀಮೆ ಎಂದು ಗುರುತಿಸಲಾದ ಪ್ರದೇಶ. ಅಲ್ಲಿ ಹುಟ್ಟಿದವನೊಬ್ಬನಿಗೆ ಕಲ್ಲಿನ ಆಸನ ಮಾಡಿಸಿದ ದಾಖಲೆ ಅದು. ಮಾಡಿಸಿದವನ ಊರಿನ ಹೆಸರಲ್ಲಿ ‘ಪೊಸಿಲ್’ ಎಂಬ ಪದವಿದೆ. ತಮಿಳಿನವರ ‘ವಾಯಿಲ್’ಗೆ ಸರಿಯಾದ ಈ ಪದ ನಮ್ಮ ‘ಹೊಸಿಲು’. ಈ ಪುರಾತನ ತಮಿಳು ಶಾಸನಗಳಲ್ಲಿ ಕನ್ನಡದ ಪ್ರಭಾವವಿದೆ, ಜೈನ ಮುನಿಗಳ ಓಡಾಟ ಕರ್ನಾಟಕದ ಕಡೆಯಿಂದ ಆಗಿದೆ ಎಂದು ತೋರಿಸಿಕೊಟ್ಟವರು ಮಹದೇವನ್. ಹಲ್ಮಿಡಿಗಿಂತ ಶತಮಾನಗಳ ಮೊದಲು ಪಕ್ಕದ ನಾಡಿನ ಬಂಡೆಯ ಮೇಲೆ ಕೂತಿದ್ದ ಕನ್ನಡದ ಹೊಸಿಲನ್ನು, ತಮಿಳಿಗಾಗಿಯೇ ಇಷ್ಟೆಲ್ಲ ದುಡಿದ ಮನುಷ್ಯ ಹುಡುಕಿ ಕೊಟ್ಟಿದ್ದು. ತಮಿಳು–ಕನ್ನಡ ಅಂತ ಸಾಮಾಜಿಕ ಜಾಲದಲ್ಲಿ ಹೊಡೆದಾಡುವ ಎರಡೂ ಕಡೆಯವರಿಗೆ ಈ ಪುಟವನ್ನು ತೋರಿಸಬೇಕು ಅಂತ ನನಗೆ ಆಗಾಗ ಅನಿಸೋದುಂಟು.

ಸಿಂಧೂ ಕಡೆಯ ಕೆಲಸವೂ ನಡೆದೇ ಇತ್ತು. 2004ರಲ್ಲಿ ಫಾರ್ಮರ್, ಸ್ಪ್ರೋಟ್, ವಿಟ್ಜೆಲ್ ಸೇರಿ, ಇದು ಭಾಷೆಯ ಲಿಪಿಯೇ ಅಲ್ಲ, ಬರೀ ಸಂಕೇತಗಳು ಎಂದು ವಾದಿಸಿದರು. ಲಿಪಿಯೇ ಅಲ್ಲವಾದರೆ ಓದುವ ಮಾತೆಲ್ಲಿ? ಒಬ್ಬ ಮನುಷ್ಯನ ನಲವತ್ತು ವರ್ಷದ ಕೆಳಗಿನ ನೆಲವನ್ನೇ ಎಳೆದ ಹಾಗೆ. ಮಜಾ ನೋಡಿ, ಹಾಗೆ ವಾದಿಸಲು ಅವರೂ ಮಹದೇವನ್ ಎಣಿಕೆಯ ಮೇಲೆ ಕೈಯಿಟ್ಟೇ ಮಾತಾಡಬೇಕಾಯಿತು. ಒಂದೇ ಸಲ ಬರುವ ಚಿಹ್ನೆಗಳು ಇಷ್ಟೊಂದು ಯಾಕೆ ಅನ್ನುವುದು ಅವರ ಮುಖ್ಯ ಪ್ರಶ್ನೆಗಳಲ್ಲೊಂದು. 2009ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಇದಕ್ಕೆ ಎದುರು ಪ್ರಬಂಧ ಬಂತು. ಚಿಹ್ನೆಗಳ ಅನುಕ್ರಮದಲ್ಲಿರುವ ಕಟ್ಟುಪಾಡಿನ ಪ್ರಮಾಣ ಭಾಷೆಗಳದಕ್ಕೆ ಹತ್ತಿರವಿದೆ ಎಂಬ ಲೆಕ್ಕಾಚಾರ. ರಾಜೇಶ್ ರಾವ್, ನಿಶಾ ಯಾದವ್, ಮಯಾಂಕ್ ವಾಹಿಯಾ ಮುಂತಾದವರ ಜೊತೆ ಕೊನೆಯಲ್ಲಿ ಒಂದು ಹೆಸರು, ಐರಾವತಂ ಮಹದೇವನ್. ಆಗ ಅವರಿಗೆ 78. ದತ್ತಾಂಶವೂ ಅದೇ 1977ರದು. ಈ ವಾದ ಇನ್ನೂ ಮುಗಿದಿಲ್ಲ. ಎರಡೂ ಪಾಳೆಯದವರು ನಿಂತು ಹೊಡೆದಾಡುತ್ತಿರುವ ಅಂಗಳ ಮಾತ್ರ ಅವರು ಹಾಕಿದ್ದು.

2018ರ ನವೆಂಬರ್ 26ರಂದು ಚೆನ್ನೈನಲ್ಲಿ ಅವರು ತೀರಿಕೊಂಡರು. ಕೊನೆಯ ವರ್ಷಗಳವರೆಗೂ ಪ್ರಬಂಧ ಬರೆಯುತ್ತಲೇ ಇದ್ದರು. 2007ರಲ್ಲಿ ರೋಜಾ ಮುತ್ತಯ್ಯ ಗ್ರಂಥಾಲಯದಲ್ಲಿ ಅವರು ಕಟ್ಟಿದ ಸಿಂಧೂ ಸಂಶೋಧನಾ ಕೇಂದ್ರ ಈಗಲೂ ಅಲ್ಲೇ ಇದೆ. ಅವರು ನಂಬಿದ್ದ ದ್ರಾವಿಡ ಓದು ಮುಂದೊಂದು ದಿನ ಸರಿ ಅನಿಸಿಕೊಳ್ಳಬಹುದು, ತಪ್ಪೂ ಅನಿಸಿಕೊಳ್ಳಬಹುದು. ತಪ್ಪೆಂದು ತೋರಿಸುವವನಿಗೂ ಆ ಪುಸ್ತಕದ ಸಂಖ್ಯೆಗಳೇ ಬೇಕಾಗುತ್ತವೆ.

ನನ್ನ ಸಹೋದ್ಯೋಗಿಗೆ ನಾನು ಹೇಳಿದ್ದು ಇಷ್ಟು: ಎಂಟು ಕೋಟಿ ಯೋಚನೆ ಆಮೇಲೆ ಮಾಡೋಣ, ಮೊದಲು ಆ 112 ಚಿಹ್ನೆಗಳ ಪಟ್ಟಿ ಒಂದು ಸಲ ನೋಡು. ಒಂದೊಂದೇ ಸಲ ಬಂದು ಹೋದವು. ಎರಡನೇ ಸಲ ಎಲ್ಲಾದರೂ ಸಿಗುವವರೆಗೆ ಯಾವ ಕಂಪ್ಯೂಟರೂ ಅವುಗಳ ಬಗ್ಗೆ ಏನೂ ಹೇಳಲಾರದು. ಅವನು ಪುಸ್ತಕದ ಸ್ಕ್ಯಾನ್ ಪ್ರತಿ ಇಳಿಸಿಕೊಂಡಿದ್ದಾನೆ. ಮೊನ್ನೆ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ, ಮೀನಿನ ಒಳಗೆ ಗೀಟಿರುವುದನ್ನು ಬೇರೆ ಚಿಹ್ನೆ ಅಂತ ಯಾಕೆ ಎಣಿಸಿದ್ದಾರೆ ಅಂತ ಕೇಳಿದ.